ಮರುಪ್ರಶ್ನೆಗೆ ಅಂಜಿದವರು

2010ರ ಮೇ 18ರಂದು ಅಮೆರಿಕದ ಕೆಂಟಕಿ ರಾಜ್ಯದ ನೇತ್ರವೈದ್ಯ ರ‍್ಯಾಂಡ್ ಪಾಲ್ ಅವರು ಸೆನೆಟ್ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾದರು. ಮರುದಿನವೇ ದೂರದರ್ಶನದಲ್ಲಿ ರೇಚಲ್ ಮ್ಯಾಡೋ ಅವರು ಒಂದೇ ಪ್ರಶ್ನೆಯನ್ನು ಪದೇ ಪದೇ ಮುಂದಿಟ್ಟರು: ಖಾಸಗಿ ಉಪಾಹಾರಗೃಹದ ಒಡೆಯನು ಕಪ್ಪು ಜನರಿಗೆ ಊಟ ನಿರಾಕರಿಸಬಹುದೆ? ವರ್ಣಭೇದವನ್ನು ತಾವು ಖಂಡಿಸುವುದಾಗಿ ಪಾಲ್ ನುಡಿದರು. ಖಾಸಗಿ ವ್ಯಾಪಾರಕ್ಕೆ ಕಾಯಿದೆಯ ಕಟ್ಟು ಸಲ್ಲುವುದೆ ಎಂಬುದಕ್ಕೆ ಮಾತ್ರ ನೇರವಾದ ಉತ್ತರ ಬರಲಿಲ್ಲ.

ಈ ಪ್ರಶ್ನೆ ಒಣತರ್ಕದ್ದಲ್ಲ. 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೋ ನಗರದ ವುಲ್ವರ್ತ್ ಅಂಗಡಿಯು ನಾಲ್ವರು ಕಪ್ಪು ವಿದ್ಯಾರ್ಥಿಗಳಿಗೆ ಸಣ್ಣಪುಟ್ಟ ಸಾಮಾನು ಮಾರಿ ಹಣ ಪಡೆಯಿತು. ಅಲ್ಲಿಯೇ ಕುಳಿತು ಕಾಫಿ ಕೇಳಿದಾಗ ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಅವರು ಕದಲಲಿಲ್ಲ. ಹಣಕ್ಕಿಲ್ಲದ ಮೈಲಿಗೆ ಮನುಷ್ಯನಿಗೆ! ಇಂಥ ಅವಮಾನವನ್ನು ತಡೆಯಲೆಂದೇ 1964ರ ನಾಗರಿಕ ಹಕ್ಕುಗಳ ಕಾಯಿದೆಯು ಖಾಸಗಿ ಹೋಟೆಲುಗಳನ್ನೂ ತನ್ನ ವ್ಯಾಪ್ತಿಗೆ ತಂದಿತು.

ಮೇ 20ರಂದು ಪಾಲ್ ಅವರು, ಕಾಯಿದೆಯ ರದ್ದತಿಗೆ ತಮ್ಮ ಬೆಂಬಲವಿಲ್ಲವೆಂದು ಹೇಳಿಕೆ ಹೊರಡಿಸಿದರು. ಭಾನುವಾರದ ‘ಮೀಟ್ ದ ಪ್ರೆಸ್’ ಕಾರ್ಯಕ್ರಮಕ್ಕೆ ಬರಲು ಒಪ್ಪಿದ್ದವರು ಹಿಂದೆ ಸರಿದರು. ದಣಿವಾಗಿದೆಯೆಂಬುದು ಕೊಟ್ಟ ಕಾರಣ. ಮೊದಲ ಸಂದರ್ಶನವನ್ನು ಪೂರ್ತಿ ಎದುರಿಸಿದ ಧೈರ್ಯವನ್ನು ನಾವು ಅಲ್ಲಗಳೆಯಲಾರೆವು. ಸ್ವತ್ತಿನ ಹಕ್ಕಿನ ಕುರಿತ ಅವರ ನಿಲುವು ಪ್ರಾಮಾಣಿಕವೇ ಆಗಿದ್ದಿರಬಹುದು. ಹಾಗಿದ್ದರೆ ಅದನ್ನು ನಾಡಿಗೆ ವಿವರಿಸಿ ಹೇಳಲು ಆ ಭಾನುವಾರಕ್ಕಿಂತ ತಕ್ಕ ಸಮಯ ಯಾವುದಿತ್ತು? ಅಚ್ಚಾದ ಹೇಳಿಕೆಯನ್ನು ಎದುರು ಕೂರಿಸಿ ಮರುಪ್ರಶ್ನೆ ಕೇಳಲಾಗದು.

ನವೆಂಬರಿನಲ್ಲಿ ಕೆಂಟಕಿಯ ಮತದಾರರು ಅವರನ್ನೇ ಸೆನೆಟ್ಟಿಗೆ ಕಳುಹಿಸಿದರು.