ಡಾಂಬರು ನಿಲ್ಲುವ ಜಾಗ

‘ಕಚ್ಚಾ ರಸ್ತೆ’ ಅನ್ನುವ ಮಾತಿನಲ್ಲೇ ಒಂದು ಕಾಯುವಿಕೆ ಇದೆ. ಇವತ್ತಲ್ಲ ನಾಳೆ ಅದು ಪಕ್ಕಾ ಆಗಬೇಕು, ಆಗುವವರೆಗೆ ಅದು ರಸ್ತೆಯೆಂದರೆ ರಸ್ತೆ, ಇಲ್ಲವೆಂದರೆ ಇಲ್ಲ. ಪಕ್ಕಾ ಎಂದರೆ ಖಚಿತ, ನಂಬಬಹುದಾದದ್ದು ಎಂಬ ಅರ್ಥವೂ ನಮ್ಮ ಆಡುಮಾತಿನಲ್ಲಿದೆ. ನಾವು ಬಾಯಿ ತೆರೆಯುವ ಮೊದಲೇ ನಮ್ಮ ಮಾತು ತೀರ್ಪು ಕೊಟ್ಟಾಗಿರುತ್ತದೆ. ಈ ತೀರ್ಪನ್ನು ನಾನು ಬಹುಕಾಲ ಪ್ರಶ್ನಿಸಿರಲಿಲ್ಲ. ಮಳೆಗಾಲದಲ್ಲಿ ಬಸ್ಸು ಎರಡು ಮೈಲಿ ಹಿಂದೆಯೇ ನಿಂತುಬಿಡುತ್ತಿದ್ದ ಊರಿನಲ್ಲಿ ಬೆಳೆದವಳು ನಾನು. ಬಾಣಂತಿಯರನ್ನು ಗಾಡಿಯಲ್ಲಿ ಮಲಗಿಸಿ ಕೆಸರಿನಲ್ಲಿ ತಳ್ಳಿಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಡಾಂಬರು ಬಂದ ದಿನ ನಮ್ಮೂರಿನ ಹೆಂಗಸರು ರಸ್ತೆಗೆ ಅರಿಸಿನ ಕುಂಕುಮ ಇಟ್ಟಿದ್ದರು.

ಅಂಥ ನಾನು ಈಗ ಒಂದು ಮಣ್ಣಿನ ರಸ್ತೆ ಮಣ್ಣಿನದಾಗಿಯೇ ಉಳಿಯಬೇಕು ಎಂದು ವಾದಿಸಹೊರಟಿದ್ದೇನೆ. ಎಲ್ಲ ರಸ್ತೆಗಳೂ ಅಲ್ಲ. ಯಾವುದು ಉಳಿಯಬೇಕು, ಯಾವುದು ಉಳಿಯಬಾರದು, ಅದನ್ನು ಯಾರು ಹೇಳಬೇಕು ಎಂಬುದೇ ನನ್ನ ಪ್ರಶ್ನೆ.

ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದ ಪೂರ್ವಕ್ಕೆ ಸೂಪರ್‌ಸ್ಟಿಷನ್ ಬೆಟ್ಟಸಾಲು. ಅದರ ಬುಡದ ಅಪಾಚೆ ಜಂಕ್ಷನ್ ಊರಿನಿಂದ ರೂಸ್‌ವೆಲ್ಟ್ ಅಣೆಕಟ್ಟಿನವರೆಗೆ ಸುಮಾರು 65 ಕಿ.ಮೀ. ಹೋಗುವ ದಾರಿಗೆ ಅಪಾಚೆ ಟ್ರೇಲ್ ಎಂದು ಹೆಸರು. ಸರ್ಕಾರಿ ಲೆಕ್ಕದಲ್ಲಿ ರಾಜ್ಯ ಹೆದ್ದಾರಿ 88. ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಕಾರ್ಖಾನೆಗಳಿವೆ, ಹಾಗಾಗಿ ಅಲ್ಲಿ ಕನ್ನಡದ ಮನೆಗಳೂ ಇವೆ. ಅಂಥದೊಂದು ಮನೆ ನನ್ನಕ್ಕನದು. 2018ರ ಫೆಬ್ರವರಿಯಲ್ಲಿ ಭಾವ ನನ್ನನ್ನು ಆ ದಾರಿಯಲ್ಲಿ ಕರೆದುಕೊಂಡು ಹೋದರು.

ಕ್ಯಾನ್ಯನ್ ಸರೋವರದ ಪಕ್ಕದ, ಒಂದೇ ಗಾಡಿ ಹಾಯುವ ಸೇತುವೆಗಳನ್ನೂ ಬೆರಳೆಣಿಕೆಯ ಜನರಿರುವ ಟಾರ್ಟಿಯಾ ಫ್ಲಾಟ್ ಎಂಬ ಪುಟ್ಟ ತಂಗುದಾಣವನ್ನೂ ದಾಟಿ ಒಂದಷ್ಟು ದೂರ ಹೋದ ಮೇಲೆ ಡಾಂಬರು ತಟ್ಟನೆ ನಿಂತಿತು. ಮುಂದಿನ ಸುಮಾರು 35 ಕಿ.ಮೀ. ಮಣ್ಣು, ಜಲ್ಲಿ, ಕಲ್ಲು. ಭಾವ ಗಾಡಿ ನಿಲ್ಲಿಸಿ, ನೀರಿನ ಕ್ಯಾನು ಇದೆಯೇ ಎಂದು ಹಿಂದೆ ನೋಡಿ, ಪಾಟೀಸವಾಲು ಮುಗಿಸಿದ ವಕೀಲರ ಹಾಗೆ ಒಂದು ನಿಟ್ಟುಸಿರು ಬಿಟ್ಟರು. “ಇನ್ನು ಫೋನ್ ಸಿಗೋದಿಲ್ಲ ಕಣಮ್ಮ. ಕಿಟಕಿ ಇಳಿಸಿಕೋ, ಎದುರಿಂದ ಗಾಡಿ ಬರೋ ಸದ್ದು ಕೇಳಬೇಕು.”

ಕಿಟಕಿ ಇಳಿಸಿದ ಆ ಗಳಿಗೆಯಿಂದ ಮರುಭೂಮಿ ಬೇರೆಯಾಯಿತು. ಅಷ್ಟು ಹೊತ್ತು ಗಾಜಿನಾಚೆ ಸರಿಯುತ್ತಿದ್ದ ಬರಿಯ ಕಂದು ಬಣ್ಣ ಈಗ ಬಿಡಿಬಿಡಿಯಾಗಿ ಕಾಣತೊಡಗಿತು. ಆಳೆತ್ತರ ಮೀರಿ ನಿಂತ ಸಗುವಾರೊ ಕಳ್ಳಿಗಳಲ್ಲಿ ಕೆಲವಕ್ಕೆ ತೋಳು ಒಡೆದಿದ್ದವು, ಕೆಲವಕ್ಕೆ ಇಲ್ಲ. ತೋಳು ಮೂಡಲು ಆ ಗಿಡಕ್ಕೆ ಐವತ್ತು ವರ್ಷಕ್ಕೂ ಹೆಚ್ಚು ಬೇಕು. ಹಸಿರು ತೊಗಟೆಯ ಪಾಲೊ ವರ್ಡೆ ಮರಗಳ ನೆರಳಿನಲ್ಲಿ ಸಗುವಾರೊ ಸಸಿಗಳು ಬೆಳೆಯುತ್ತವೆ. ಎಳೆಯ ಕಳ್ಳಿಯನ್ನು ಬಿಸಿಲಿನಿಂದಲೂ ಚಳಿಯಿಂದಲೂ ಕಾಯುವುದು ಆ ಮರ. ತಾಸಿಗೆ ತೊಂಬತ್ತು ಕಿ.ಮೀ. ವೇಗದಲ್ಲಿ ಹೋಗುವವರಿಗೆ ಮರ ಕಾಣಬಹುದು, ಅದರ ಬುಡದಲ್ಲಿ ಕೂತ ಗೇಣುದ್ದದ ಸಸಿ ಕಾಣುವುದಿಲ್ಲ. ನಾವು ಹೋಗುತ್ತಿದ್ದದ್ದು ಹದಿನೈದು, ಇಪ್ಪತ್ತರಲ್ಲಿ. ಎಲ್ಲವೂ ಒತ್ತಿ ಬೆಳೆದ ನಮ್ಮ ಮಲೆನಾಡಿನಲ್ಲಿ ಓಡುವ ಬಸ್ಸಿನಿಂದಲೂ ಹಸಿರಿನ ಒಂದು ಪಾಲು ಸಿಕ್ಕೀತು. ಮರುಭೂಮಿ ಹಾಗಲ್ಲ. ಅಲ್ಲಿ ಜೀವ ದೂರದೂರ ಚೆಲ್ಲಿಕೊಂಡಿದೆ. ನಿಧಾನ ಮಾಡದವರಿಗೆ ಅದು ಬರಿ ಬಯಲಾಗಿಯೇ ಉಳಿಯುತ್ತದೆ. ರಸ್ತೆ ಕಚ್ಚಾ ಆಗಿರುವುದರಿಂದ ಸಿಗುವ ಮೊದಲ ಲಾಭ ಇದು. ಯಾವ ಫಲಕವೂ ಪೊಲೀಸರೂ ಬೇಕಿಲ್ಲ, ನೆಲವೇ ವೇಗಕ್ಕೆ ಮಿತಿ ಹಾಕುತ್ತದೆ.

ಫಿಶ್ ಕ್ರೀಕ್ ಎಂಬ ಕಡೆ ರಸ್ತೆ ಬಂಡೆಯ ಗೋಡೆಗೆ ಅಂಟಿಕೊಂಡು ಕಣಿವೆಗೆ ಇಳಿಯುತ್ತದೆ. ಒಂದೇ ಗಾಡಿಯ ಅಗಲ, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಬ್ರೇಕ್ ಒತ್ತುತ್ತಲೇ ಇದ್ದರೆ ಕಾದು ಹಿಡಿತ ಬಿಡುತ್ತದೆ ಎಂದು ಭಾವ ಮೊದಲ ಗೇರಿಗೆ ಹಾಕಿ ಎಂಜಿನ್ನಿನ ಹಿಡಿತದಲ್ಲೇ ಇಳಿಸಿದರು. ಆ ಇಳಿಜಾರಿನಲ್ಲಿ ಆದದ್ದನ್ನು ಆಮೇಲೆ ಹೇಳುತ್ತೇನೆ.

ಈ ರಸ್ತೆಯನ್ನು ಯಾರೂ ನೋಟಕ್ಕಾಗಿ ಮಾಡಲಿಲ್ಲ ಎಂಬುದನ್ನು ಮರೆಯಬಾರದು. 1902ರಲ್ಲಿ ಅಮೆರಿಕದ ಒಕ್ಕೂಟ ಸರ್ಕಾರ ಒಣ ಸೀಮೆಗಳಿಗೆ ನೀರಾವರಿ ಒದಗಿಸುವ ಕಾಯ್ದೆ ಮಾಡಿತು. ಅದರಡಿಯ ಮೊದಮೊದಲ ದೊಡ್ಡ ಕೆಲಸಗಳಲ್ಲಿ ಸಾಲ್ಟ್ ನದಿಯ ಈ ರೂಸ್‌ವೆಲ್ಟ್ ಅಣೆಕಟ್ಟು ಒಂದು. ಅಣೆಕಟ್ಟಿನ ಜಾಗಕ್ಕೆ ರೈಲು ಇಲ್ಲ; ಮೆಸಾ ಊರಿನವರೆಗೆ ರೈಲಿನಲ್ಲಿ ಬಂದ ಯಂತ್ರ, ಉಕ್ಕು, ದವಸವನ್ನು ಹೇಸರಗತ್ತೆಗಳ ಬಂಡಿಗಳಲ್ಲಿ ಸಾಗಿಸಲು ಈ ದಾರಿ ಕಡಿದರು. ಮೆಸಾ-ರೂಸ್‌ವೆಲ್ಟ್ ರಸ್ತೆ ಎಂಬುದೇ ಆಗಿನ ಹೆಸರು. ‘ಅಪಾಚೆ ಟ್ರೇಲ್’ ಎಂಬ ಹೆಸರನ್ನು ಜನಪ್ರಿಯ ಮಾಡಿದ್ದು ಪ್ರವಾಸಿಗರನ್ನು ಸೆಳೆಯಲು ಹೊರಟ ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿ. ಆದರೆ ರಸ್ತೆ ಕಡಿದ ಕೈಗಳಲ್ಲಿ ಬಹಳಷ್ಟು ನಿಜವಾಗಿಯೂ ಆ ಸೀಮೆಯ ಮೂಲನಿವಾಸಿಗಳಾದ ಅಪಾಚೆ ಜನರವೇ. ಅಪಾಚೆ ಮುಖಂಡ ಜೆರೊನಿಮೊ ಅಮೆರಿಕದ ಸೇನೆಗೆ ಶರಣಾದದ್ದು 1886ರಲ್ಲಿ. ಇಪ್ಪತ್ತು ವರ್ಷ ತುಂಬುವ ಮುನ್ನ ಅದೇ ಜನರ ಗಂಡಸರು, ತಮ್ಮ ಕಾಲ್ದಾರಿಗಳಿದ್ದ ಬೆಟ್ಟಗಳಲ್ಲಿ, ತಮ್ಮನ್ನು ಸೋಲಿಸಿದ ಸರ್ಕಾರದ ಕೂಲಿಗಳಾಗಿ ಗುದ್ದಲಿ ಹಿಡಿದಿದ್ದರು. ಅಣೆಕಟ್ಟಿನ ಮೊದಲ ಕಲ್ಲು ಇಟ್ಟದ್ದು 1906ರ ಸೆಪ್ಟೆಂಬರಿನಲ್ಲಿ; 1911ರ ಮಾರ್ಚ್ 18ರಂದು ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ಉದ್ಘಾಟಿಸಿದರು. ಅದೇ ವರ್ಷದ ಕೊನೆಗೆ ನಮ್ಮ ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟೆ ಕಟ್ಟುವ ಕೆಲಸ ಶುರುವಾಯಿತು. ಎರಡನ್ನೂ ಕಟ್ಟಿದ್ದು ಕಲ್ಲಿನಲ್ಲಿ, ಎರಡೂ ಊರು ಮುಳುಗಿಸಿದವು. ರೂಸ್‌ವೆಲ್ಟ್ ಅಣೆಕಟ್ಟಿನ ನೀರಿನ ಮುಂದೆ ನಿಂತಾಗ ನನಗೆ ಮಂಡ್ಯದ ನಾಲೆಗಳು ನೆನಪಾದವು.

ಹಾಗಾದರೆ, ದುಡಿಯಲು ಹುಟ್ಟಿದ ರಸ್ತೆಯನ್ನು ದುಡಿಮೆಗೆ ತಕ್ಕಂತೆ ಸುಧಾರಿಸಿದರೆ ತಪ್ಪೇನು? ಇದು ಬಲವಾದ ವಾದ. ಅದಕ್ಕೆ ನನ್ನ ಉತ್ತರ, ಈ ರಸ್ತೆಯ ದುಡಿಮೆ ಮುಗಿದಿದೆ. ಫೀನಿಕ್ಸ್‌ನಿಂದ ಅಣೆಕಟ್ಟಿನ ಕಡೆಗೆ ಹೋಗಲು ಬೇರೆ ಡಾಂಬರು ದಾರಿಗಳಿವೆ. ಇಲ್ಲಿ ಬರುವವರು ಬೇಗ ಮುಟ್ಟಬೇಕೆಂದು ಬರುವುದಿಲ್ಲ. ರಸ್ತೆಯನ್ನು ಅಗಲಿಸಬೇಕಾದರೆ ಬಂಡೆ ಸಿಡಿಸಬೇಕು, ಕಲ್ಲನ್ನು ಕಣಿವೆಗೆ ಸುರಿಯಬೇಕು. ಮರುಭೂಮಿಯ ನೆಲಕ್ಕೆ ಗಾಯ ಬೇಗ ಮಾಯುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಜನರಲ್ ಪ್ಯಾಟನ್ ಪಶ್ಚಿಮದ ಮೊಹಾವಿ ಮರುಭೂಮಿಯಲ್ಲಿ ಟ್ಯಾಂಕುಗಳ ತರಬೇತಿ ನಡೆಸಿದ್ದ. ಆ ಟ್ಯಾಂಕುಗಳು ಉತ್ತ ಸಾಲುಗಳು ಇಂದಿಗೂ ಮಾಸಿಲ್ಲ. ಮಳೆ ಸುರಿದು ಒಂದು ಮುಂಗಾರಿನಲ್ಲಿ ಹುಲ್ಲು ಮುಚ್ಚಿಬಿಡುವ ನಾಡಿನವರಾದ ನಮಗೆ ಇದು ಸುಲಭಕ್ಕೆ ಮನಸ್ಸಿಗೆ ಹತ್ತುವುದಿಲ್ಲ.

ಆದರೆ ಮಣ್ಣಿನ ರಸ್ತೆಯನ್ನು ಉಳಿಸುವುದೆಂದರೆ ಸುಮ್ಮನೆ ಕೈಕಟ್ಟಿ ಕೂರುವುದು ಎಂದು ತಿಳಿದವರಿಗೆ ರಸ್ತೆಯ ಸ್ವಭಾವ ಗೊತ್ತಿಲ್ಲ. ಹತ್ತು ಕಿ.ಮೀ. ಹೋಗುವಷ್ಟರಲ್ಲಿ ನಮ್ಮ ಹಲ್ಲುಗಳು ಕಟಕಟ ಬಡಿದುಕೊಳ್ಳತೊಡಗಿದ್ದವು. ರಸ್ತೆಗೆ ಅಡ್ಡಲಾಗಿ, ಒಗೆಯುವ ಕಲ್ಲಿನ ಗೀರುಗಳ ಹಾಗೆ, ಸಮಾನ ಅಂತರದಲ್ಲಿ ಏಳುವ ದಿಂಡುಗಳು. ಇದಕ್ಕೆ ಭಾರದ ಲಾರಿಯೋ ಕೆಟ್ಟ ಚಾಲಕನೋ ಬೇಕಿಲ್ಲ. 2007ರಲ್ಲಿ ಕೆಲವು ಭೌತವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಮರಳಿನ ಹಾಸಿನ ಮೇಲೆ ಗಾಲಿಯೊಂದನ್ನು ಉರುಳಿಸಿ ನೋಡಿದರು: ವೇಗ ಒಂದು ಮಿತಿ ದಾಟಿದ ಕೂಡಲೇ ಅಲೆಗಳು ತಾವಾಗಿಯೇ ಹುಟ್ಟಿದವು, ಆ ಮಿತಿಗಿಂತ ನಿಧಾನಕ್ಕೆ ಉರುಳಿಸಿದಾಗ ಹಾಸು ಸಪಾಟಾಗಿಯೇ ಉಳಿಯಿತು. ನಿಜವಾದ ರಸ್ತೆಯಲ್ಲಿ ಆ ಮಿತಿಯೊಳಗೆ ಓಡಿಸುವುದು ಆಗದ ಮಾತು. ಆದ್ದರಿಂದ ಗ್ರೇಡರ್ ಬಂದು ಮತ್ತೆ ಮತ್ತೆ ಕೆರೆಯಲೇಬೇಕು, ಮೋರಿಗಳ ಬಾಯಿ ಬಿಡಿಸಬೇಕು, ಮಳೆನೀರು ನಡುರಸ್ತೆಯಲ್ಲಿ ಕೊರಕಲು ಬೀಳಿಸದಂತೆ ಬದಿಗೆ ಹರಿಸಬೇಕು. ಮಣ್ಣಿನ ನೆಲವನ್ನು ಸಾರಿಸಿ ಇಟ್ಟುಕೊಂಡಿದ್ದ ಹಳೆಯ ಮನೆಗಳ ಹೆಂಗಸರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಆರೈಕೆ ತಪ್ಪಿದರೆ ಏನಾಗುತ್ತದೆ, ಪ್ರಕೃತಿ ಮುನಿದರೆ ಏನಾಗುತ್ತದೆ ಎಂಬುದನ್ನು ನಾವು ಹೋಗಿ ಬಂದ ಮರುವರ್ಷವೇ ಆ ದಾರಿ ಕಂಡಿತು. 2019ರ ಜೂನ್‌ನಲ್ಲಿ ಸೂಪರ್‌ಸ್ಟಿಷನ್ ಬೆಟ್ಟಗಳಲ್ಲಿ ಮನುಷ್ಯರಿಂದ ಹೊತ್ತಿಕೊಂಡ ವುಡ್‌ಬರಿ ಬೆಂಕಿ ಸುಮಾರು 1.24 ಲಕ್ಷ ಎಕರೆಯನ್ನು ಸುಟ್ಟಿತು. ಸಗುವಾರೊಗೆ ಬೆಂಕಿಯ ಅಭ್ಯಾಸವಿಲ್ಲ. ಗಿಡಗಂಟಿಗಳ ಬೇರು ಸತ್ತ, ನೀರು ಕುಡಿಯಲಾರದ ಸುಟ್ಟ ಇಳಿಜಾರಿನ ಮೇಲೆ ಸೆಪ್ಟೆಂಬರಿನಲ್ಲಿ ಜೋರು ಮಳೆ ಬಿತ್ತು. ಬೂದಿ, ಬಂಡೆ, ಕೆಸರು ಕೂಡಿಕೊಂಡು ಫಿಶ್ ಕ್ರೀಕ್ ಭಾಗದಲ್ಲಿ ರಸ್ತೆಯನ್ನೇ ಕಿತ್ತುಕೊಂಡು ಹೋದವು. ಐದು ವರ್ಷ ಆ ಭಾಗ ಮುಚ್ಚಿತ್ತು. 2024ರಲ್ಲಿ ಮತ್ತೆ ತೆರೆದರು; ಆದರೆ ತಳ ಎತ್ತರವಿರುವ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಗಳವರು ಮಾತ್ರ ಬನ್ನಿ ಎಂಬ ಸಲಹೆಯೊಂದಿಗೆ.

ತೆರೆದ ಸುದ್ದಿ ಕೇಳಿ ಸಂತೋಷವಾಯಿತು, ಆ ಸಲಹೆ ಕೇಳಿ ಮನಸ್ಸು ಕುಗ್ಗಿತು. ಭಾವನ ಗಾಡಿ ಸಾಧಾರಣ ಕುಟುಂಬದ ಕಾರು. ಹಿಂದಿನ ಸೀಟಿನಲ್ಲಿ ಅವರ ತಾಯಿ, ಎಪ್ಪತ್ತೆರಡರ ಅತ್ತೆ, ಬುತ್ತಿಯ ಡಬ್ಬಿ ಹಿಡಿದು ಕೂತಿದ್ದರು. ಅದೇ ಕಾರಿನಲ್ಲಿ ಇವತ್ತು ಅವರು ಹೋಗಲಾರರು. ಕಚ್ಚಾ ಉಳಿದ ರಸ್ತೆಗೂ ಪಾಳುಬಿದ್ದ ರಸ್ತೆಗೂ ಇರುವ ವ್ಯತ್ಯಾಸ ಇಲ್ಲಿದೆ. ಮೊದಲನೆಯದರಲ್ಲಿ ಎಂಥ ಗಾಡಿಯವರೂ ನಿಧಾನವಾಗಿ ಹೋಗಬಹುದು. ಎರಡನೆಯದು ದುಬಾರಿ ಜೀಪು ಇದ್ದವರ ಸ್ವತ್ತಾಗುತ್ತದೆ. ಬೆಟ್ಟವನ್ನು ಗೆಲ್ಲುವ ಮಾತು ಜಾಹೀರಾತುಗಳಲ್ಲಿ ದಿನವೂ ಕೇಳುತ್ತೇವೆ. ಆ ಮಾತು ಮಾರುವವರಿಗೆ ರಸ್ತೆ ಕೆಟ್ಟಷ್ಟೂ ಒಳ್ಳೆಯದು. ನಾನು ಅವರ ಪಕ್ಷದವಳಲ್ಲ. ರಸ್ತೆ ಮಣ್ಣಿನದಿರಲಿ, ಆದರೆ ಅತ್ತೆ ಕೂತ ಕಾರು ಇಳಿದು ಹತ್ತುವಷ್ಟು ಚೆನ್ನಾಗಿರಲಿ. ಅದಕ್ಕೆ ಬೇಕಾದ ದುಡ್ಡು ಸಾರ್ವಜನಿಕ ಬೊಕ್ಕಸದಿಂದಲೇ ಬರಬೇಕು.

ಇನ್ನೊಂದು ಮಾತು, ನನ್ನ ವಾದದ ಅತಿ ದುರ್ಬಲ ಜಾಗಕ್ಕೆ ಸಂಬಂಧಿಸಿದ್ದು. ನಮ್ಮ ದೇಶದಲ್ಲೂ ಬೆಟ್ಟದ ಮರುಭೂಮಿಗಳಿವೆ: ಲಾಹೌಲ್, ಸ್ಪಿತಿ, ಜಾನ್ಸ್‌ಕಾರ್, ಲಡಾಖ್. ಬೆಂಗಳೂರಿನಿಂದ ಮೋಟರ್ ಸೈಕಲ್ ಏರಿ ಅಲ್ಲಿಗೆ ಹೋಗಿ ಬಂದ ಹುಡುಗರು, ಇನ್ನು ಅಲ್ಲಿ ಡಾಂಬರು ಬಂತು, ಮಜಾ ಹೋಯಿತು ಎಂದು ಕೊರಗುವುದನ್ನು ಕೇಳಿದ್ದೇನೆ. ಕೇಳಿದಾಗಲೆಲ್ಲ ನನ್ನೂರಿನ ಕೆಸರಿನ ಗಾಡಿ ಕಣ್ಣೆದುರು ಬರುತ್ತದೆ. 2020ರ ಅಕ್ಟೋಬರ್ 3ರಂದು 9.02 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆಯುವವರೆಗೆ, ರೋಹ್ತಾಂಗ್ ಕಣಿವೆಮಾರ್ಗ ಹಿಮದಲ್ಲಿ ಮುಚ್ಚಿದರೆ ಲಾಹೌಲ್‌ನ ಜನ ತಿಂಗಳುಗಟ್ಟಲೆ ಹೊರಜಗತ್ತಿನಿಂದ ಕಡಿದುಹೋಗುತ್ತಿದ್ದರು. ಜಾನ್ಸ್‌ಕಾರ್‌ನವರಿಗೆ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯೇ ದಾರಿಯಾಗಿತ್ತು. ‘ಚಾದರ್’ ಎಂದು ಪ್ರವಾಸಿಗರು ಹಣ ಕೊಟ್ಟು ನಡೆಯುವ ಆ ಹಿಮದ ಹಾಳೆಯ ಮೇಲೆ ಅವರು ಕಾಯಿಲೆಯವರನ್ನೂ ಶಾಲೆಯ ಮಕ್ಕಳನ್ನೂ ಸಾಗಿಸಬೇಕಿತ್ತು. ಅವರ ರಸ್ತೆ ಕಚ್ಚಾ ಉಳಿಯಲಿ ಎಂದು ಹೇಳುವ ಹಕ್ಕು ನನಗಿಲ್ಲ, ವಾರದ ರಜೆ ಹಾಕಿ ಹೋದ ಯಾರಿಗೂ ಇಲ್ಲ. ಒಬ್ಬರ ಕಷ್ಟ ಇನ್ನೊಬ್ಬರ ಸೊಗಸಾಗಬಾರದು. ಅಲ್ಲಿಯವರು ಕೇಳಿದರೆ ಡಾಂಬರು ಹಾಕಬೇಕು, ಸುರಂಗ ಕೊರೆಯಬೇಕು. ಬೆಟ್ಟ ಕುಸಿಯದ ಹಾಗೆ, ಅವಸರವಿಲ್ಲದೆ, ಅವರನ್ನು ಕೇಳಿಯೇ ಮಾಡಬೇಕು.

ಅಪಾಚೆ ಟ್ರೇಲ್‌ನ ವಿಷಯದಲ್ಲಿ ನಾನು ಧೈರ್ಯವಾಗಿ ಮಾತಾಡುವುದು ಈ ಕಾರಣಕ್ಕೆ. ಅಲ್ಲಿ ಆಸ್ಪತ್ರೆಗೆ ಹೋಗಲು ಅದೊಂದೇ ದಾರಿಯಾದ ಊರುಗಳಿಲ್ಲ. ದಾರಿ ಬದಿಯ ಸರೋವರದ ದೋಣಿಕಟ್ಟೆಯ ವ್ಯಾಪಾರಿಗಳಿದ್ದಾರೆ. ರಸ್ತೆ ಮುಚ್ಚಿದ ಐದು ವರ್ಷ ಅವರಿಗೆ ಒಂದು ಕಡೆಯ ಬಾಗಿಲೇ ಹೋಯಿತು. ಅವರಿಗೂ ಬೇಕಾದದ್ದು ತೆರೆದ ರಸ್ತೆ.

ಫಿಶ್ ಕ್ರೀಕ್ ಇಳಿಜಾರಿನ ಮಾತು ಬಾಕಿ ಇತ್ತು. ಅರ್ಧ ಇಳಿದಿದ್ದೆವು. ಕೆಳಗಿನಿಂದ ಒಂದು ಹಳೆಯ ಜೀಪು ಹತ್ತುತ್ತಾ ಬಂತು. ಏರುವವರಿಗೆ ದಾರಿ ಬಿಡುವುದು ಅಲ್ಲಿಯೂ ನಮ್ಮ ಘಾಟಿಗಳಲ್ಲಿಯೂ ಒಂದೇ ಪದ್ಧತಿ. ಭಾವ ಹಿಮ್ಮುಖವಾಗಿ ಹತ್ತಿ, ಸ್ವಲ್ಪ ಅಗಲವಿದ್ದ ತಿರುವಿನ ಅಂಚಿಗೆ ಕಾರು ತಂದು ನಿಲ್ಲಿಸಿದರು. ಜೀಪಿನ ಮುದುಕ ಕೈಯೆತ್ತಿ ದಾಟಿಹೋದ, ಧೂಳು ಕೂರಲು ಒಂದು ನಿಮಿಷ ಹಿಡಿಯಿತು. ಅತ್ತೆ ಗಾಡಿಯಿಂದಿಳಿದು ಅಂಚಿನ ಕಡೆ ಹೆಜ್ಜೆಯಿಟ್ಟು, “ಇಲ್ಲಿ ನೋಡೇ” ಎಂದು ನನ್ನನ್ನು ಕರೆದರು. ನಾವು ನಿಂತಿದ್ದ ನೆಲವನ್ನು ಕೆಳಗಿನಿಂದ ಹೊತ್ತುಕೊಂಡಿದ್ದದ್ದು ಗಾರೆಯಿಲ್ಲದ ಕಲ್ಲುಕಟ್ಟಣೆ. ದಪ್ಪ ಕಲ್ಲಿನ ಸಂದಿಗೆ ಚಕ್ಕೆಕಲ್ಲು ಬಡಿದು, ಸಾಲಿನ ಮೇಲೆ ಸಾಲು, ತುಸು ಒಳಕ್ಕೆ ವಾಲಿಸಿ ಕಟ್ಟಿದ ಗೋಡೆ. ಮೇಲೆ ಯಾರ ಹೆಸರೂ ಇರಲಿಲ್ಲ. 1907ರಲ್ಲಿ ಈ ಅಣೆಕಟ್ಟಿನ ಬಳಿಯ ರಸ್ತೆ ಕೆಲಸದಲ್ಲಿ ಬಂಡೆ ಉರುಳಿ ಸತ್ತ ಮುಂದಾಳು ಆಲ್ ಸೀಬರ್‌ಗೆ ಹೆಸರು ಕೆತ್ತಿದ ಸ್ಮಾರಕವಿದೆ, ಇತಿಹಾಸದಲ್ಲಿ ಜಾಗವಿದೆ. ಅವನ ಕೆಳಗೆ ದುಡಿದ ಅಪಾಚೆ ಕೂಲಿಗಳಿಗೆ ಇರುವುದು ಇಂಥ ಗೋಡೆ. ರಸ್ತೆ ಅಗಲವಾಗಿದ್ದರೆ ಅದು ಕಾಂಕ್ರೀಟಿನೊಳಗೆ ಹೋಗಿರುತ್ತಿತ್ತು, ನಾವೂ ನಿಲ್ಲುತ್ತಿರಲಿಲ್ಲ. ಅತ್ತೆ ಬಗ್ಗಿ ಮೇಲಿನ ಸಾಲಿನ ಕಲ್ಲನ್ನು ಅಂಗೈಯಲ್ಲಿ ಒತ್ತಿ ನೋಡಿದರು. ಅದು ಅಲುಗಲಿಲ್ಲ.