ಕುಣಿಯುವ ಮರದ ಕತೆ

ಮಕ್ಕಳೇ, ಡಿಸೆಂಬರ್ ರಜೆಗೆ ಕ್ಯಾಲಿಫೋರ್ನಿಯಾದಿಂದ ನನ್ನ ಮೊಮ್ಮಗಳು ತೂಬಗೆರೆಗೆ ಬಂದಿದ್ದಳು. ಅವಳ ಅಂಗಿಯ ಮೇಲೆ ಕೆಂಪು 'ಎಸ್' ಅಕ್ಷರ, ಅದರ ಮೇಲೊಂದು ಹಸಿರು ಮರ. ನಮ್ಮ ಬೀದಿಯ ಹುಡುಗರು ಆಗ ಕಬಡ್ಡಿ ತಂಡಕ್ಕೆ ಗುರುತು ಹುಡುಕುತ್ತಿದ್ದರು. ಹುಲಿಯೋ ಹದ್ದೋ ಎಂದು ಜಗಳ. "ಅಪ್ಪನ ಕಾಲೇಜಿನ ಗುರುತು ಮರ" ಎಂದಳು ಇವಳು.

"ಮರ ಎಲ್ಲಾದ್ರೂ ಓಡುತ್ತಾ?" ಎಲ್ಲರೂ ಬಿದ್ದು ಬಿದ್ದು ನಕ್ಕರು.

ಓಡುತ್ತದೆ, ಕುಣಿಯುತ್ತದೆ ಕೂಡ! ಕೂತ್ಕೊಳ್ಳಿ, ಹೇಳ್ತೀನಿ ಎಂದೆ.

ಆಟದ ತಂಡದ ಗುರುತಾಗುವ ಪ್ರಾಣಿಗೋ ಗೊಂಬೆಗೋ ಮ್ಯಾಸ್ಕಾಟ್ ಎನ್ನುತ್ತಾರೆ. 1982ರ ದೆಹಲಿ ಏಷ್ಯನ್ ಗೇಮ್ಸ್‌ನ ಆನೆಮರಿ ಅಪ್ಪು ಅಜ್ಜ-ಅಜ್ಜಿಯರಿಗೆ ನೆನಪಿರಬೇಕು.

ಮೊಮ್ಮಗಳು ಹೇಳಿದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾತು. 1930ರಿಂದ ಅಲ್ಲಿಯ ತಂಡಗಳ ಹೆಸರು 'ಇಂಡಿಯನ್ಸ್'. ಅಂದರೆ ನಾವಲ್ಲ! 1492ರಲ್ಲಿ ಕೊಲಂಬಸ್ ಇಂಡಿಯಾ ಕಡೆಗೇ ಬಂದೆನೆಂದುಕೊಂಡು ಅಮೆರಿಕದ ದ್ವೀಪಗಳಲ್ಲಿ ಇಳಿದ. ಅಲ್ಲಿಯ ಮೂಲನಿವಾಸಿಗಳಿಗೆ ಆ ತಪ್ಪು ಹೆಸರೇ ಅಂಟಿತು. ಕಾಲೇಜಿನವರು ದೊಡ್ಡ ಮೂಗಿನ ಮೂಲನಿವಾಸಿಯ ವ್ಯಂಗ್ಯಚಿತ್ರ ಬರೆದುಕೊಂಡರು. ಯುರೋಕ್ ಸಮುದಾಯದ ಟಿಮ್ ವಿಲಿಯಮ್ಸ್ ಸುಮಾರು 20 ವರ್ಷ ಗರಿಗಳ ವೇಷ ತೊಟ್ಟು ಪಂದ್ಯಗಳಲ್ಲಿ ಕುಣಿದರು. ಅದು ತಮ್ಮ ಜನಕ್ಕೆ ಗೌರವವೆಂದೇ ಅವರ ಭಾವನೆ.

ಆದರೆ ಅದೇ ಕಾಲೇಜಿಗೆ ಓದಲು ಬಂದ ಮೂಲನಿವಾಸಿ ಮಕ್ಕಳಿಗೆ ಹಾಗನ್ನಿಸಲಿಲ್ಲ. ಪಕ್ಕದ ಬೆಂಚಿನಲ್ಲಿ ಕೂರುವ ನಾವು ಮೈದಾನದಲ್ಲಿ ನಗೆಯ ಗೊಂಬೆ ಯಾಕಾಗಬೇಕು ಎಂಬುದು ಅವರ ನೋವು. 1972ರಲ್ಲಿ 55 ಮಂದಿ ಮನವಿ ಕೊಟ್ಟರು. ಕಾಲೇಜು ಆ ಗುರುತನ್ನು ಕೈಬಿಟ್ಟಿತು.

ಮುಂದೇನು? 1975ರಲ್ಲಿ ವಿದ್ಯಾರ್ಥಿಗಳು ಮತ ಹಾಕಿ ಆರಿಸಿದ ಹೆಸರು 'ರಾಬರ್ ಬ್ಯಾರನ್ಸ್', ದರೋಡೆಕೋರ ದೊರೆಗಳು! ಕಾಲೇಜು ಕಟ್ಟಿಸಿದ ಲೆಲೆಂಡ್ ಸ್ಟ್ಯಾನ್‌ಫರ್ಡ್ ರೈಲ್ವೆಯಿಂದ ಹಣ ಮಾಡಿದವರು. ಅವರನ್ನೇ ಕುಟುಕುವ ತಮಾಷೆ. ಕಾಲೇಜು ಒಪ್ಪಲಿಲ್ಲ. ಕೊನೆಗೆ ಉಳಿದದ್ದು 'ಕಾರ್ಡಿನಲ್', ಅಂದರೆ ಬರೀ ಒಂದು ಕೆಂಪು ಬಣ್ಣ. ಬಣ್ಣಕ್ಕೆ ವೇಷ ಹಾಕುವುದು ಹೇಗೆ? ಕಾಲೇಜಿನ ಬ್ಯಾಂಡ್ ತಂಡದವರು ಮರದ ವೇಷ ತಂದರು. ಸಾವಿರ ವರ್ಷ ದಾಟಿದ ಎಲ್ ಪಾಲೊ ಆಲ್ಟೊ ಎಂಬ ರೆಡ್‌ವುಡ್ ಮರ ಅಲ್ಲೇ ಹತ್ತಿರದಲ್ಲಿದೆ. ಈಗಲೂ ಮರವಾಗುವ ವಿದ್ಯಾರ್ಥಿ ತನ್ನ ವೇಷವನ್ನು ತಾನೇ ಹೊಲಿದುಕೊಳ್ಳಬೇಕು.

ಕತೆ ಮುಗಿಯುವಾಗ ಮಕ್ಕಳು ನಗುತ್ತಿದ್ದರು. ನನಗೆ ಮಾತ್ರ ಬೇರೊಂದು ನೆನಪು.

ಕಾಲೇಜಿನಲ್ಲಿದ್ದಾಗ ನಮ್ಮ ಕಬಡ್ಡಿ ತಂಡದ ಬಾವುಟಕ್ಕೆ ನಾನೇ ಚಿತ್ರ ಬರೆದಿದ್ದೆ. ಸೊಪ್ಪು ಸುತ್ತಿಕೊಂಡ, ಹಲ್ಲು ಕಿರಿದ 'ಕಾಡುಮನುಷ್ಯ'. ಎಲ್ಲರೂ ಭೇಷ್ ಅಂದರು. ನಮ್ಮ ತರಗತಿಯಲ್ಲಿ ಕಾಡಂಚಿನ ಹಾಡಿಯಿಂದ ಬಂದ ಹುಡುಗನೊಬ್ಬನಿದ್ದ, ಒಳ್ಳೆಯ ಆಟಗಾರ. ಅವನು ಬಾವುಟವನ್ನು ಒಮ್ಮೆ ನೋಡಿದ, ಏನೂ ಅನ್ನಲಿಲ್ಲ. ಮರುವಾರದಿಂದ ಆಟಕ್ಕೆ ಬರಲಿಲ್ಲ. ಯಾಕೆಂದು ನಾನು ಕೇಳಲೂ ಇಲ್ಲ. ಇವತ್ತಿಗೂ ಆ ಚಿತ್ರದ ಒಂದೊಂದು ಗೆರೆಯೂ ನನಗೆ ನೆನಪಿದೆ.

ಇದನ್ನೂ ಮಕ್ಕಳಿಗೆ ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪುಟ್ಟ ಹುಡುಗಿಯೊಬ್ಬಳು, "ಘಾಟಿ ಜಾತ್ರೆಯ ಹಳ್ಳಿಕಾರ್ ಹೋರಿ ಇಡೋಣ ತಾತ. ಅದಕ್ಕೆ ಬೇಜಾರಾಗಲ್ಲ ತಾನೇ?" ಎಂದಳು.

"ಹೋರಿಗೆ ಆಗಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಆಗುತ್ತಾ ಕೇಳು" ಎಂದೆ.

ಅವಳು ಒಬ್ಬೊಬ್ಬರನ್ನೇ ಕೇಳಿದಳು. ಹದ್ದು ಬೇಕೆಂದಿದ್ದವನು ಮುಖ ಊದಿಸಿಕೊಂಡ, ಅಷ್ಟೆ. ಸಂಜೆಯೊಳಗೆ ಬಾವುಟದ ಮೇಲೆ ಹೋರಿ ನಿಂತಿತ್ತು. ಕೊಂಬು ಮಾತ್ರ ಮೊಮ್ಮಗಳು ಬರೆದದ್ದು. ನೋಡಿದರೆ ಮರದ ಕೊಂಬೆಯ ಹಾಗೇ ಇದೆ!

ನಿಮ್ಮ ಶಾಲೆಯ ತಂಡಕ್ಕೆ ಏನು ಗುರುತು, ಮಕ್ಕಳೇ? ಅದನ್ನು ಆರಿಸಿದವರು ಯಾರು? ಅಜ್ಜ-ಅಜ್ಜಿಯರ ಕಾಲದ ತಂಡಕ್ಕೆ ಏನಿತ್ತು? ಕೇಳಿ ನೋಡಿ.