ಒಡ್ಡಿನ ಮೇಲಿನ ಬೇವೂ ಒಂದು ಅಮಾನತ್ತು

ಎರೆಹೊಲದ ರೈತನು ಒಡ್ಡಿನ ಮೇಲಿನ ಬೇವಿಗೋ ಜಾಲಿಗೋ ಕೊಡಲಿ ಹಾಕುವಾಗ ಅವನ ಬಳಿ ಒಂದು ಲೆಕ್ಕವಿರುತ್ತದೆ. ಮರದ ನೆರಳಿಗೆ ಜೋಳ ಏಳುವುದಿಲ್ಲ. ಅದರ ಬೇರು ಹೊಲದ ಹಸಿಯನ್ನು ಹೀರುತ್ತದೆ. ಟೊಂಗೆಯ ಮೇಲೆ ಕುಳಿತ ಹಕ್ಕಿ ತೆನೆಗೆ ಎರಗುತ್ತದೆ. ಟ್ರ್ಯಾಕ್ಟರ್ ತಿರುಗಿಸುವುದಕ್ಕೆ ಅಡ್ಡಿಯಾಗುತ್ತದೆ. ಈ ಲೆಕ್ಕ ಸುಳ್ಳೆಂದು ನಾವು ಹೇಳುವುದಿಲ್ಲ. ಎರಡು ಸಾಲು ಬೆಳೆ ಸೊರಗುವುದು ಕಣ್ಣಿಗೆ ಕಾಣುವ ನಷ್ಟವೇ ಸರಿ. ಆದರೆ ಇದು ಖರ್ಚಿನ ಪುಟವನ್ನು ತುಂಬಿ ಜಮೆಯ ಪುಟವನ್ನು ಬರಿದಾಗಿ ಬಿಟ್ಟ ಲೆಕ್ಕ. ಆ ಬರಿದಾದ ಪುಟದಲ್ಲಿ ಏನನ್ನು ಬರೆಯಬೇಕಿತ್ತು ಎಂಬುದನ್ನು ನಮ್ಮ ಕುಟುಂಬಗಳು ಒಟ್ಟಿಗೆ ಕುಳಿತು ಯೋಚಿಸಬೇಕೆಂಬುದೇ ಈ ಬರಹದ ಕೋರಿಕೆ.

ಶರಣ ಮಡಿವಾಳ ಮಾಚಿದೇವರ ಊರೆಂದು ನಾಡಿಗೆಲ್ಲ ಪರಿಚಿತವಾದ ದೇವರ ಹಿಪ್ಪರಗಿಯು ಕೆಲವು ವರ್ಷಗಳ ಹಿಂದಿನವರೆಗೆ ಸಿಂದಗಿ ತಾಲ್ಲೂಕಿಗೆ ಸೇರಿತ್ತು; ಈಗ ಅದೇ ತಾಲ್ಲೂಕು ಕೇಂದ್ರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ನಡುವಿನ ಈ ಬಯಲಿನಲ್ಲಿ ಮಳೆ ಕಡಿಮೆ, ಮಣ್ಣು ಮಾತ್ರ ಆಳ. ಮಳೆಗಾಲದ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಂಡು ಹಿಂಗಾರಿಯಲ್ಲಿ ಬಿಳಿಜೋಳಕ್ಕೆ, ಕಡಲೆಗೆ, ಕುಸುಬಿಗೆ ಉಣಿಸುವ ಮಣ್ಣು ಇದು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಆದರೆ ಈ ಸೀಮೆಯಲ್ಲಿ ಕಾಡು ಎಂಬುದು ಹೆಸರಿಗಷ್ಟೇ. ಜಿಲ್ಲೆಯನ್ನು ಹಸಿರುಗೊಳಿಸಲು 2016ರಲ್ಲಿ ಕೋಟಿ ವೃಕ್ಷ ಅಭಿಯಾನವನ್ನೇ ಆರಂಭಿಸಬೇಕಾಯಿತೆಂದರೆ ಕೊರತೆಯ ಪ್ರಮಾಣ ತಿಳಿಯುತ್ತದೆ. ಮಲೆನಾಡಿನಲ್ಲಿ ಹಕ್ಕಿಗೆ ಒಂದು ಮರ ಹೋದರೆ ಇನ್ನೊಂದು ಮರವಿದೆ. ನಮ್ಮಲ್ಲಿ ಒಡ್ಡಿನ ಬೇವು, ಹಳ್ಳದ ದಂಡೆಯ ಜಾಲಿ, ಗಾಯರಾಣದ ಹುಲ್ಲು, ಗುಡಿಯ ಬಳಿಯ ಬನ್ನಿ, ಖಬರಸ್ತಾನದ ಹುಣಸೆ: ಇವೇ ನಮ್ಮ ಕಾಡು. ಇವು ಹೋದರೆ ಬೇರೆ ಕಾಡಿಲ್ಲ.

ಜಮೆಯ ಪುಟವನ್ನು ತೊಗರಿಯಿಂದಲೇ ಆರಂಭಿಸೋಣ. ತೊಗರಿ ಹೂವಾಡುವ ಕಾಲಕ್ಕೆ ಬರುವ ಕಾಯಿಕೊರಕ ಕೀಡೆಯು ಈ ಭಾಗದ ರೈತನ ನಿದ್ದೆಗೆಡಿಸುವ ಶತ್ರು. ಪತಂಗವು ಹೂವು ಮೊಗ್ಗುಗಳ ಮೇಲೆ ಮೊಟ್ಟೆಯಿಡುತ್ತದೆ. ಮರಿಯು ಕಾಯಿಯನ್ನು ಕೊರೆದು ಕಾಳನ್ನು ತಿನ್ನುತ್ತದೆ. ಇದಕ್ಕೆ ರೈತನು ಔಷಧಿ ಹೊಡೆಯುತ್ತಾನೆ. ಸಾಯದಿದ್ದರೆ ಎರಡನೆಯ ಸಲ ಇನ್ನೂ ಖಾರವಾದದ್ದನ್ನು ಹೊಡೆಯುತ್ತಾನೆ. ವಿಷಕ್ಕೆ ಒಗ್ಗಿಕೊಳ್ಳುವುದರಲ್ಲಿ ಈ ಕೀಡೆಯು ಜಗತ್ತಿನಲ್ಲೇ ಹೆಸರುವಾಸಿ. ನೂರರಲ್ಲಿ ಉಳಿದ ನಾಲ್ಕು ಕೀಡೆಗಳ ಸಂತತಿಯು ಆ ವಿಷಕ್ಕೆ ಬಗ್ಗುವುದಿಲ್ಲ. ಆದರೆ ಅದೇ ಸಿಂಪಡಣೆಗೆ ಕೀಡೆಯ ಮೊಟ್ಟೆಗಳೊಳಗೆ ತನ್ನ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜ ಸಾಯುತ್ತದೆ, ಜೇಡ ಸಾಯುತ್ತದೆ, ಹೂವಿಗೆ ಬಂದ ಜೇನು ಸಾಯುತ್ತದೆ. ಹೀಗೆ ಶತ್ರುವು ಉಳಿದು, ಶತ್ರುವಿನ ಶತ್ರುಗಳು ಅಳಿಯುತ್ತವೆ.

ಈಗ ಒಡ್ಡಿನ ಬೇವಿನ ಮೇಲೆ ಕುಳಿತ ಕಾಜಾಣವನ್ನು ನೋಡಿ. ಅದು ಕುಳಿತಲ್ಲಿಂದ ಹಾರಿ ಪತಂಗವನ್ನು ಹಿಡಿದು ಮತ್ತೆ ಟೊಂಗೆಗೆ ಬರುತ್ತದೆ. ಗೊರವಂಕವು ಮರಿಗಳಿಗೆ ಉಣಿಸಲು ದಿನವೆಲ್ಲ ಹುಳುಗಳನ್ನು ಆರಿಸುತ್ತದೆ. ಬೆಳ್ಳಕ್ಕಿಯು ಕುಂಟೆಯ ಹಿಂದೆಯೇ ನಡೆದು ಮಣ್ಣಿನಿಂದ ಹೊರಬಿದ್ದ ಹುಳುಗಳನ್ನು ಹೆಕ್ಕುತ್ತದೆ. ರಾತ್ರಿ ಗೂಬೆಯು ಇಲಿಯನ್ನು ಹಿಡಿಯುತ್ತದೆ. ತೆನೆ ತಿನ್ನುವ ಹಕ್ಕಿಯು ಕೆಲವು ವಾರಗಳ ಅತಿಥಿ. ಹುಳು ತಿನ್ನುವ ಹಕ್ಕಿಯು ವರ್ಷವಿಡೀ ಕೂಲಿಯಿಲ್ಲದ ಆಳು. ಇದನ್ನು ಅರಿತೇ ಕೃಷಿ ವಿಜ್ಞಾನಿಗಳು ತೊಗರಿ ಹೊಲದಲ್ಲಿ ಹಕ್ಕಿ ಕೂರಲು ಕವಲುಕಟ್ಟಿಗೆಗಳನ್ನು ನೆಡಿರೆಂದೂ, ತೊಗರಿಯ ನಡುವೆ ಅಲ್ಲಲ್ಲಿ ಜೋಳದ ಗಿಡಗಳಿರಲೆಂದೂ ಸಲಹೆ ನೀಡುತ್ತಾರೆ. ಜೀವಂತ ಮರವನ್ನು ಕಡಿದು ಅದೇ ಹೊಲದಲ್ಲಿ ಒಣಕಟ್ಟಿಗೆಯನ್ನು ನೆಡಬೇಕಾದ ಸ್ಥಿತಿ ಎಂತಹ ವಿಪರ್ಯಾಸ!

ಒಂದು ದೇಶವೇ ಈ ಅರ್ಧ ಲೆಕ್ಕವನ್ನು ಮಾಡಿ ಬೆಲೆ ತೆತ್ತಿದೆ. 1958ರಲ್ಲಿ ಚೀನಾದ ಸರಕಾರವು ಧಾನ್ಯ ತಿನ್ನುವ ಗುಬ್ಬಿಗಳನ್ನು ನಾಶಮಾಡಲು ಜನರಿಗೆ ಕರೆ ಕೊಟ್ಟಿತು. ಜನರು ಡಬ್ಬಿ ಬಡಿದು ಗುಬ್ಬಿಗಳನ್ನು ಕೂರಗೊಡದೆ ಆಯಾಸದಿಂದ ಬೀಳುವಂತೆ ಮಾಡಿದರು, ಗೂಡುಗಳನ್ನು ಕಿತ್ತರು. ಗುಬ್ಬಿಗಳು ಹೋದ ಮೇಲೆ ಅವು ತಿನ್ನುತ್ತಿದ್ದ ಕೀಟಗಳು ಹೆಚ್ಚಿದವು. 1960ರಲ್ಲಿ ಸರಕಾರವೇ ಶತ್ರುಗಳ ಪಟ್ಟಿಯಿಂದ ಗುಬ್ಬಿಯ ಹೆಸರನ್ನು ತೆಗೆಯಬೇಕಾಯಿತು. ಆ ಕಾಲದ ಮಹಾಕ್ಷಾಮಕ್ಕೆ ಬೇರೆ ಹಲವು ಕಾರಣಗಳಿದ್ದವು. ಗುಬ್ಬಿಗಳ ನಾಶವೂ ಬೆಳೆಯ ಸಂಕಟವನ್ನು ಹೆಚ್ಚಿಸಿತೆಂಬುದು ಎಲ್ಲರಿಗೂ ಪಾಠ.

ಜೀವಿಗಳ ಈ ಪರಸ್ಪರ ನಂಟನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಜರ್ಮನಿಯ ವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1866ರಲ್ಲಿ ಇಕಾಲಜಿ ಎಂಬ ಹೆಸರನ್ನಿಟ್ಟರು. ಅದಕ್ಕೂ ಸುಮಾರು ಸಾವಿರ ವರ್ಷ ಮೊದಲು, ಒಂಬತ್ತನೆಯ ಶತಮಾನದಲ್ಲಿ, ಬಸರಾದ ವಿದ್ವಾಂಸ ಅಲ್ ಜಾಹಿಝ್ ತಮ್ಮ 'ಕಿತಾಬುಲ್ ಹಯವಾನ್' ಗ್ರಂಥದಲ್ಲಿ ಒಂದು ಪ್ರಾಣಿಯು ತನಗಿಂತ ದುರ್ಬಲವಾದುದನ್ನು ಬೇಟೆಯಾಡುವುದನ್ನೂ, ತಾನೂ ಮತ್ತೊಂದರ ಬೇಟೆಯಾಗುವುದನ್ನೂ ವಿವರಿಸಿದ್ದರು. ಸೊಳ್ಳೆ ನೊಣಗಳಂಥ ಕ್ಷುದ್ರವೆನಿಸುವ ಜೀವಿಗಳಲ್ಲಿಯೂ ಸೃಷ್ಟಿಕರ್ತನ ಯುಕ್ತಿಯನ್ನು ಕಾಣುವ ಕಣ್ಣು ಅವರದಾಗಿತ್ತು. ಮದ್ರಸಾದಲ್ಲಿ ಓದುವ ನಮ್ಮ ಮಕ್ಕಳಿಗೆ ಈ ಹೆಸರು ಪರಿಚಯವಾಗಬೇಕು. ವಿಜ್ಞಾನದ ತರಗತಿಯೂ ದೀನಿನ ತರಗತಿಯೂ ಎರಡು ಬೇರೆ ದಿಕ್ಕಿಗೆ ಹೋಗುವ ದಾರಿಗಳಲ್ಲವೆಂದು ಆಗ ಅವರಿಗೆ ತಿಳಿದೀತು.

ಪವಿತ್ರ ಕುರ್‌ಆನ್ ಭೂಮಿಯ ಮೇಲೆ ನಡೆಯುವ ಪ್ರಾಣಿಗಳನ್ನೂ ರೆಕ್ಕೆಗಳಿಂದ ಹಾರುವ ಹಕ್ಕಿಗಳನ್ನೂ ನಮ್ಮಂತೆಯೇ ಸಮುದಾಯಗಳೆಂದು ಕರೆಯುತ್ತದೆ. ಆ ಪದವನ್ನು ಗಮನಿಸಬೇಕು. ಸಮುದಾಯವೆಂದರೆ ಅದಕ್ಕೊಂದು ನೆಲೆಯಿದೆ, ನಂಟಿದೆ, ಹಕ್ಕಿದೆ. ಆಕಾಶವನ್ನು ಎತ್ತರಿಸಿದ ಅಲ್ಲಾಹನು ಮೀಝಾನನ್ನು, ಅಂದರೆ ಸಮತೋಲದ ತಕ್ಕಡಿಯನ್ನು, ಸ್ಥಾಪಿಸಿದನೆಂದೂ ಅದನ್ನು ಕೆಡಿಸಬಾರದೆಂದೂ ಸೂರಃ ಅರ್ರಹ್ಮಾನ್ ಎಚ್ಚರಿಸುತ್ತದೆ. ಈ ತಕ್ಕಡಿಯು ಅಂಗಡಿಯ ಕಟ್ಟೆಯ ಮೇಲಷ್ಟೇ ಇರುವುದೆಂದು ತಿಳಿದವರು ಹೊಲದಲ್ಲಿ ಅದನ್ನು ಕಾಣಲಾರರು.

ಒಬ್ಬ ಪ್ರವಾದಿಯನ್ನು ಇರುವೆಯೊಂದು ಕಚ್ಚಿದಾಗ ಅವರು ಇಡೀ ಇರುವೆಗೂಡನ್ನು ಸುಡಿಸಿದರೆಂದೂ, ಒಂದು ಇರುವೆಗಾಗಿ ತನ್ನನ್ನು ಸ್ತುತಿಸುವ ಒಂದು ಸಮುದಾಯವನ್ನೇ ನಾಶಮಾಡಿದಿರಾ ಎಂದು ಅಲ್ಲಾಹನು ಅವರನ್ನು ಆಕ್ಷೇಪಿಸಿದನೆಂದೂ ಹದೀಸ್‌ನಲ್ಲಿದೆ. ಹತ್ತು ಕೀಡೆಗಳಿಗಾಗಿ ಹೊಲದ ಸಕಲ ಜೀವಗಳ ಮೇಲೆ ವಿಷವನ್ನು ಸುರಿಯುವವರಿಗೆ ಇದಕ್ಕಿಂತ ನೇರವಾದ ಪಾಠ ಬೇಕೆ? ಬೆಳೆಯನ್ನು ಕಾಪಾಡಿಕೊಳ್ಳುವುದನ್ನು ಧರ್ಮವು ತಡೆಯುವುದಿಲ್ಲ. ಅಗತ್ಯವನ್ನು ಮೀರುವುದನ್ನು, ಇಸ್ರಾಫನ್ನು, ತಡೆಯುತ್ತದೆ. ಇನ್ನು ಹಕ್ಕಿ ತಿಂದ ತೆನೆಯ ಮಾತು. ಮುಸ್ಲಿಮನೊಬ್ಬನು ನೆಟ್ಟ ಗಿಡದಿಂದಲೋ ಬಿತ್ತಿದ ಬೆಳೆಯಿಂದಲೋ ಹಕ್ಕಿ, ಮನುಷ್ಯ ಅಥವಾ ಪ್ರಾಣಿ ತಿಂದರೆ ಅದು ಅವನ ಪಾಲಿಗೆ ಸದಕಾ ಆಗುತ್ತದೆಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದಾರೆ. ರೈತನು ನಷ್ಟದ ಕಲಮಿಗೆ ಬರೆದುದನ್ನು ಪ್ರವಾದಿಯವರು(ಸ) ಪುಣ್ಯದ ಕಲಮಿಗೆ ಬರೆಸಿದರು.

ಊರೊಳಗಿನ ವಿಷಯಕ್ಕೂ ಬರೋಣ. ಸತ್ತ ದನಗಳನ್ನು ಊರ ಹೊರಗೆ ಬಿಟ್ಟರೆ ರಣಹದ್ದುಗಳು ಬಂದು ಅದನ್ನು ಮುಗಿಸುತ್ತಿದ್ದ ಕಾಲವೊಂದಿತ್ತು. 1990ರ ದಶಕದಿಂದ ಭಾರತದಲ್ಲಿ ಅವು ಮಾಯವಾಗತೊಡಗಿದವು. ಬಿಳಿಬೆನ್ನಿನ ರಣಹದ್ದುಗಳಂತೂ ನೂರರಲ್ಲಿ ತೊಂಬತ್ತೊಂಬತ್ತು ಇಲ್ಲವಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿಯು ಹೆಣದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತೆಂದು 2004ರಲ್ಲಿ ತಿಳಿದುಬಂತು. 2006ರಲ್ಲಿ ಸರಕಾರವು ಪಶುಗಳಿಗೆ ಅದನ್ನು ನಿಷೇಧಿಸಿತು. ಆದರೆ ಅಷ್ಟರಲ್ಲಿ ಉಣ್ಣುವವರಿಲ್ಲದ ಹೆಣಗಳು ನೀರನ್ನು ಕೆಡಿಸಿದ್ದವು, ಬೀದಿನಾಯಿಗಳು ಹೆಚ್ಚಿದ್ದವು, ಅವುಗಳೊಂದಿಗೆ ಹುಚ್ಚುನಾಯಿ ಕಡಿತದ ಭಯವೂ ಬೆಳೆದಿತ್ತು. ಹದ್ದುಗಳು ಅಳಿದ ಕಾರಣದಿಂದ 2000ದಿಂದ 2005ರ ನಡುವೆ ಸುಮಾರು ಐದು ಲಕ್ಷ ಜನರು ಹೆಚ್ಚಾಗಿ ಸತ್ತಿರಬಹುದೆಂದು 2024ರಲ್ಲಿ ಪ್ರಕಟವಾದ ಇಬ್ಬರು ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ಅಂದಾಜಿಸಿದೆ. ಯಾರೂ ಪ್ರೀತಿಸದ ಒಂದು ಹಕ್ಕಿಯು ಎಷ್ಟು ಮನೆಗಳ ಬಾಗಿಲು ಕಾಯುತ್ತಿತ್ತು!

ಹದ್ದುಗಳಿಲ್ಲದ ಊರಿನಲ್ಲಿ ಹದ್ದಿನ ಕೆಲಸವನ್ನು ಮನುಷ್ಯನೇ ಮಾಡಬೇಕು. ಆದ್ದರಿಂದ ಬಕ್ರೀದ್‌ನ ದಿನ ಕುರ್ಬಾನಿಯ ಕರುಳು, ರಕ್ತ, ತ್ಯಾಜ್ಯಗಳನ್ನು ಹಳ್ಳಕ್ಕೋ ತಿಪ್ಪೆಗೋ ಎಸೆಯುವುದು ಸಣ್ಣ ತಪ್ಪಲ್ಲ. ಅದು ನಾಯಿಗಳ ಹಿಂಡನ್ನು ಸಾಕುತ್ತದೆ. ಆ ಹಿಂಡಿನೆದುರು ಮರುದಿನ ನಡೆದು ಹೋಗುವುದು ಯಾರದೋ ಮನೆಯ ಮಗು. ಪ್ರತಿಯೊಂದು ಜಮಾಅತ್ ಹಬ್ಬಕ್ಕೆ ಮೊದಲೇ ಆಳವಾದ ಗುಂಡಿಗಳನ್ನು ತೋಡಿಸಿ, ತ್ಯಾಜ್ಯವನ್ನು ಮಣ್ಣು ಮುಚ್ಚಿ ಹೂಳುವ ವ್ಯವಸ್ಥೆಯನ್ನು ಮಾಡಬೇಕು. ಶುಚಿತ್ವವು ಈಮಾನಿನ ಭಾಗವೆಂದು ಕಲಿಸುವವರು ಅದನ್ನು ಮನೆಯ ಹೊಸ್ತಿಲಿಗೆ ನಿಲ್ಲಿಸಬಾರದು.

ಖಬರಸ್ತಾನದ ಬಗ್ಗೆಯೂ ಒಂದು ಮಾತು. ಎಷ್ಟೋ ಊರುಗಳಲ್ಲಿ ಉಳಿದಿರುವ ಹಳೆಯ ಬೇವು ಹುಣಸೆಗಳು ಅಲ್ಲಿಯೇ ಇವೆ, ಏಕೆಂದರೆ ಅಲ್ಲಿ ನೇಗಿಲು ಹೋಗುವುದಿಲ್ಲ. ಸ್ವಚ್ಛತೆಯ ಹೆಸರಿನಲ್ಲಿ ಅವನ್ನೆಲ್ಲ ಬೋಳಿಸಿ ಕಳೆನಾಶಕ ಸಿಂಪಡಿಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ. ಆದರೆ ಹಸಿರೆಲ್ಲವೂ ಒಂದೇ ಅಲ್ಲ. ಹೊರದೇಶದಿಂದ ಬಂದ ಬಳ್ಳಾರಿ ಜಾಲಿಯ ಕಾಯಿಯನ್ನು ಆಡುಗಳು ತಿನ್ನುತ್ತವೆ, ಅವುಗಳ ಹಿಕ್ಕೆಯ ಮೂಲಕ ಬೀಜವು ಹೊಸ ಜಾಗಕ್ಕೆ ಹಬ್ಬುತ್ತದೆ. ಅದರ ದಟ್ಟಣೆಯಡಿ ನಮ್ಮ ಹುಲ್ಲು ಏಳುವುದಿಲ್ಲ. ಅದನ್ನು ಬೇರುಸಹಿತ ತೆಗೆದು ಆ ಜಾಗದಲ್ಲಿ ಬೇವು, ಹುಣಸೆ, ಬೋರೆ, ಹೊಂಗೆಗಳನ್ನು ನೆಡಬೇಕು. ಮಸೀದಿಯ ವುಝೂವಿನ ನೀರು ಗಟಾರಕ್ಕೆ ಹರಿಯುವ ಬದಲು ಆ ಸಸಿಗಳ ಬುಡಕ್ಕೆ ಹರಿಯಲಿ. ಮದೀನಾದ ಸುತ್ತಲಿನ ಮರಗಳನ್ನು ಕಡಿಯಬಾರದೆಂದು ಪ್ರವಾದಿಯವರು(ಸ) ವಿಧಿಸಿದ್ದರು. ಹಝ್ರತ್ ಅಬೂಬಕರ್ ಸಿದ್ದೀಕ್(ರ)ರು ಯುದ್ಧಕ್ಕೆ ಹೊರಟ ಸೈನ್ಯಕ್ಕೂ ಫಲ ಕೊಡುವ ಮರಗಳನ್ನು ಕಡಿಯಬೇಡಿರೆಂದು ಆಜ್ಞಾಪಿಸಿದ್ದರು. ಯುದ್ಧದಲ್ಲಿ ಸಲ್ಲದ್ದು ಶಾಂತಿಯಲ್ಲಿ ಸಂದೀತೆ?

ಇದಕ್ಕೆ ಒಂದು ಆಕ್ಷೇಪವಿದೆ. ಅದನ್ನು ನಾವು ಗೌರವಿಸುತ್ತೇವೆ. ಸಾಲದ ಕಂತು ತುಂಬಬೇಕಾದ, ಮಗಳ ನಿಕಾಹ್ ಮಾಡಬೇಕಾದ ಸಣ್ಣ ರೈತನಿಗೆ ಹಕ್ಕಿಯ ಹಕ್ಕಿನ ಪಾಠ ಹೇಳುವುದು ಸುಲಭ, ಅವನ ಹೊಲದಲ್ಲಿ ನಿಲ್ಲುವುದು ಕಷ್ಟ. ನಿಜ. ಆದರೆ ಔಷಧಿ ಅಂಗಡಿಯ ಉದ್ದರಿ ಬೆಳೆಯುವುದೂ ಅವನ ಹೆಸರಿನಲ್ಲಿಯೇ. ಕಡಿಮೆ ಖರ್ಚಿನ ದಾರಿಗಳು ಇಲ್ಲಿಯೇ ಇವೆ. ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಕೀಡೆ ಕಾಣುವವರೆಗೆ ಸಿಂಪಡಣೆಯ ಅಗತ್ಯವಿಲ್ಲವೆಂದು ಕೃಷಿ ತಜ್ಞರು ಹೇಳುತ್ತಾರೆ. ಆದ್ದರಿಂದ ಮೊದಲು ಎಣಿಸಬೇಕು. ಬೇವಿನ ಬೀಜದ ಕಷಾಯವನ್ನು ಮನೆಯಲ್ಲಿಯೇ ತಯಾರಿಸಬಹುದು, ಒಡ್ಡಿನ ಬೇವು ಉಳಿದಿದ್ದರೆ. ತೊಗರಿ ಗಿಡಗಳನ್ನು ಅಲುಗಿಸಿ ಕೀಡೆಗಳನ್ನು ಚಾದರದ ಮೇಲೆ ಕೆಡವುವ ಪದ್ಧತಿಯನ್ನು ಕಲಬುರಗಿ ಸೀಮೆಯ ರೈತರು ಮಾಡಿ ತೋರಿಸಿದ್ದಾರೆ. ಹೊಡೆಯಲೇಬೇಕಾದಾಗ ಜೇನುಗಳು ಗೂಡಿಗೆ ಮರಳಿದ ಸಂಜೆಯ ಹೊತ್ತಿಗೆ ಹೊಡೆಯಬಹುದು. ಇಂಡಿಯ ಲಿಂಬೆ ತೋಟಕ್ಕೂ ಬಾಗೇವಾಡಿಯ ಸೂರ್ಯಕಾಂತಿಗೂ ಹಾರಿ ಹೋಗುವ ಜೇನು ಹೊಲದ ಮಾಲೀಕನ ಜಾತಿ ಧರ್ಮವನ್ನು ಕೇಳುವುದಿಲ್ಲ. ಒಬ್ಬನು ಉಳಿಸಿದ ಜೇನು ನೆರೆಯವನ ಬೆಳೆಯನ್ನೂ ಕಾಯುತ್ತದೆ. ನೆರೆಯವನ ಹಕ್ಕಿನ ಬಗ್ಗೆ ಖುತ್ಬಾಗಳಲ್ಲಿ ನಾವು ಕೇಳುವ ಮಾತಿಗೆ ಇದೂ ಒಂದು ಅರ್ಥ.

ಆಲಮಟ್ಟಿಯ ನೀರು ಕಾಲುವೆಗಳಲ್ಲಿ ಈ ಬಯಲಿಗೆ ಬರುತ್ತಿರುವ ಕಾಲವಿದು. ನೀರು ಅಲ್ಲಾಹನ ದೊಡ್ಡ ಅನುಗ್ರಹ. ಆದರೆ ಎರೆಮಣ್ಣಿಗೆ ಮಿತಿಮೀರಿ ನೀರು ಹಾಯಿಸಿದರೆ ಭೂಮಿ ಜವಳಾಗುತ್ತದೆ, ಉಪ್ಪು ಮೇಲೆದ್ದು ಸವಳಾಗುತ್ತದೆ. ಎರೆಹುಳುವೂ ಅಲ್ಲಿ ಬದುಕದು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ವಿಜಯಪುರದ ದಾಹ ತಣಿಸಲು ಬೇಗಂ ತಲಾಬನ್ನು ಕಟ್ಟಿಸಿದಾಗ ಈ ಸೀಮೆಗೆ ನೀರಿನ ಬೆಲೆ ಗೊತ್ತಿತ್ತು. ಹರಿಯುವ ನದಿಯ ದಂಡೆಯಲ್ಲಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬ ಬೋಧನೆಯು ಕಾಲುವೆಯ ದಂಡೆಗೂ ಅನ್ವಯಿಸುತ್ತದೆ.

ಅಂತ್ಯದಿನವು ಬಂದೇ ಬಿಟ್ಟರೂ ಕೈಯಲ್ಲೊಂದು ಸಸಿಯಿದ್ದರೆ, ಸಾಧ್ಯವಾದರೆ ಅದನ್ನು ನೆಟ್ಟುಬಿಡಬೇಕೆಂದು ಪ್ರವಾದಿಯವರು(ಸ) ಬೋಧಿಸಿದ್ದಾರೆ. ಸಸಿಯನ್ನು ನೆಡುವ ಹೊಣೆಯೇ ಇಷ್ಟು ದೊಡ್ಡದಾದರೆ, ನಮ್ಮ ಅಜ್ಜಂದಿರು ನೆಟ್ಟು ಬಿಟ್ಟುಹೋದ ಮರವನ್ನು ಉಳಿಸುವ ಹೊಣೆ ಎಷ್ಟು ದೊಡ್ಡದು? ಈ ಮಳೆಗಾಲ ಮುಗಿಯುವುದರೊಳಗೆ ಪ್ರತಿಯೊಂದು ಕುಟುಂಬವು ತನ್ನ ಒಡ್ಡಿನ ಒಂದು ಮರವನ್ನು ಕಡಿಯುವುದಿಲ್ಲವೆಂದು ನಿರ್ಧರಿಸಲಿ, ಪ್ರತಿಯೊಂದು ಜಮಾಅತ್ ತನ್ನ ಖಬರಸ್ತಾನದಲ್ಲಿ ಹತ್ತು ಸಸಿಗಳನ್ನು ನೆಟ್ಟು ಕಾಯಲಿ. ಅಮಾನತ್ತನ್ನು ಕೆಡಿಸದೆ ಮಕ್ಕಳ ಕೈಗೆ ಒಪ್ಪಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೀನ್.